ನಲವತ್ತೊಂದನೇ ಗ್ರಾಹಕ

ನನ್ನ ಹೆಂಡತಿಗೂ ನನ್ನ ಸೋಫಾಗೂ ಆಗಿಬರುವುದಿಲ್ಲ. ಇದನ್ನು ದೂರು ಎಂದು ಹೇಳುತ್ತಿಲ್ಲ, ವೀಕ್ಷಣೆ ಎಂದು ಹೇಳುತ್ತಿದ್ದೇನೆ. ನಾನು ಭೌತಶಾಸ್ತ್ರದ ಪದವೀಧರ. ನಮ್ಮಲ್ಲಿ ಮೊದಲು ವೀಕ್ಷಣೆ, ಆಮೇಲೆ ದೂರು.

ಸೋಫಾವನ್ನು ನೋಡದವರಿಗಾಗಿ ಒಂದಿಷ್ಟು ವಿವರ. ಕೊಂಡಾಗ ಅದು ಮೂವರು ಕೂರುವ ಸೋಫಾ. ಈಗಲೂ ಮೂವರು ಕೂರಬಹುದು. ಆದರೆ ಸ್ವಲ್ಪ ಹೊತ್ತಿನಲ್ಲೇ ಮೂವರೂ ಜಾರಿ ಎಡಮೂಲೆಯಲ್ಲಿ ಒಂದೇ ಕುಟುಂಬದವರಂತೆ ಒತ್ತಿಕೊಂಡಿರುತ್ತಾರೆ. ಅದರ ಮೇಲೆ ಎಲ್ಲಿ ಗೋಲಿ ಇಟ್ಟರೂ ಉರುಳಿ ಉರುಳಿ ಆ ಎಡಮೂಲೆಯ ಗುಂಡಿಗೇ ಹೋಗಿ ಬೀಳುತ್ತದೆ. (ಪ್ರಯೋಗ ಮಾಡಿ ನೋಡಿದ್ದೇನೆ. ಗೋಲಿ ಬಹಳ ಕಾಲ ಅಲ್ಲೇ ಒಳಗೆಲ್ಲೋ ಇತ್ತು.) ಬಲಗಡೆ ಕೂತರೆ ಬೇರೆ ತೊಂದರೆ. ಅಲ್ಲಿ ಒಂದು ಸ್ಪ್ರಿಂಗ್ ಬಟ್ಟೆ ಹರಿದುಕೊಂಡು ತಲೆ ಎತ್ತಿದೆ. ಬಂದ ಅತಿಥಿಗಳನ್ನು ಮನೆಯವರಿಗಿಂತ ಮೊದಲು ಅದೇ ವಿಚಾರಿಸಿಕೊಳ್ಳುತ್ತಿತ್ತು.

ಹಾಗಿದ್ದರೂ ಆ ಸೋಫಾವನ್ನು ಹೊರಹಾಕಲು ನಾನು ಒಪ್ಪದಿರುವುದಕ್ಕೆ ಕಾರಣವಿತ್ತು. ನನ್ನ ಕಂಪನಿ ಹುಟ್ಟಿದ್ದು ಅದರ ಮೇಲೆ.

ನನ್ನ ವೃತ್ತಿಜೀವನ ಶುರುವಾದದ್ದು ಬಲ್ಬು ತಯಾರಿಸುವ ಕಾರ್ಖಾನೆಯ ಪ್ರಯೋಗಾಲಯದಲ್ಲಿ. ಬಲ್ಬಿನ ಬೆಳಕನ್ನು ಅಳೆದು ಬರೆದಿಡುವುದು ನನ್ನ ಕೆಲಸ. ಕಾರ್ಖಾನೆಯ ಗೇಟಿನ ಎದುರಿಗೆ ನಮ್ಮದೇ ಬಲ್ಬಿನ ದೊಡ್ಡ ಜಾಹೀರಾತು ಫಲಕವಿತ್ತು. ಆ ರಸ್ತೆ ನಮ್ಮ ಗೇಟಿನಲ್ಲೇ ಮುಗಿಯುತ್ತಿತ್ತು. ಅಂದರೆ ಆ ಫಲಕವನ್ನು ನೋಡುತ್ತಿದ್ದವರು ಪ್ರಪಂಚದಲ್ಲಿ ನಾವು ಮಾತ್ರ: ಬಲ್ಬು ಮಾಡುವವರಿಗೇ ಬಲ್ಬಿನ ಜಾಹೀರಾತು! ಒಂದು ಬೆಳಿಗ್ಗೆ ಅದನ್ನು ನೋಡುತ್ತ ನಿಂತವನಿಗೆ ಜ್ಞಾನೋದಯವಾಯಿತು. ಬೇಕಾದವನಿಗೆ ಬೇಕಾದ ಹೊತ್ತಿನಲ್ಲಿ ಬೇಕಾದ ಜಾಹೀರಾತನ್ನು ತೋರಿಸಬೇಕು. ಬೇಡದವನನ್ನು ಅವನ ಪಾಡಿಗೆ ಬಿಡಬೇಕು. ಅವತ್ತೇ ಬಿಳಿ ಕೋಟನ್ನು ಗೂಟಕ್ಕೆ ನೇತುಹಾಕಿ ಮನೆಗೆ ಬಂದು ಸೋಫಾದ ಮೇಲೆ ಕೂತೆ. (ಆಗ ಕೂರಬಹುದಾಗಿತ್ತು.)

ಹೇಳುವುದು ಸುಲಭ. ಫೋನು, ಕಂಪ್ಯೂಟರುಗಳಲ್ಲಿ ಯಾರಿಗೆ ಏನು ಬೇಕೆಂದು ಯಂತ್ರಕ್ಕೆ ಕಲಿಸಲು ಹೊರಟಾಗ ತಿಳಿಯಿತು, ಯಂತ್ರ ಎಷ್ಟು ವಿಧೇಯವೋ ಅಷ್ಟೇ ಪೆದ್ದು ಎಂದು. ಛತ್ರಿ ಬೇಕಾದವರನ್ನು ಹುಡುಕು ಎಂದೆವು. ಅದು ಮಳೆಯಲ್ಲಿ ನಡೆದು ಹೋಗುತ್ತಿದ್ದವರನ್ನೆಲ್ಲ ಕಷ್ಟಪಟ್ಟು ಹುಡುಕಿತು. ಎಲ್ಲರ ಕೈಯಲ್ಲೂ ಛತ್ರಿ ಇತ್ತು. ಒಬ್ಬ ದಂತವೈದ್ಯರು ಒಂದು ಜೊತೆ ಶೂ ಕೊಂಡರು. ಶೂ ಕೊಂಡವರಿಗೆ ಶೂ ಎಂದರೆ ಪ್ರಾಣ ಎಂದು ತೀರ್ಮಾನಿಸಿದ ಯಂತ್ರ ಇಡೀ ವರ್ಷ ಅವರಿಗೆ ಅದೇ ಶೂ ತೋರಿಸಿತು. ಮುಂದೊಂದು ದಿನ ಹಲ್ಲುನೋವೆಂದು ನಾನು ಅವರ ಕುರ್ಚಿಯಲ್ಲೇ ಮಲಗಿದ್ದಾಗ, ಕೈಯಲ್ಲಿ ಇಕ್ಕಳ ಹಿಡಿದು, "ತಾವು ಏನು ಕೆಲಸದಲ್ಲಿದ್ದೀರಿ?" ಎಂದು ಕೇಳಿದರು. ನನ್ನ ಬಾಯಿ ತೆರೆದೇ ಇದ್ದುದರಿಂದ ಉತ್ತರ ಹೇಳಬೇಕಾಗಲಿಲ್ಲ. ಬದುಕಿದೆ.

ಕೊನೆಗೆ ನನಗೆ ಸಿಕ್ಕವನು ಸರಾಸರಿ. ಅವನು ನನ್ನ ಪಾಲುದಾರ, ಗಣಿತದ ಮೇಷ್ಟ್ರಾಗಿದ್ದವನು. ಹೇಗಿದ್ದೀಯಪ್ಪ ಎಂದರೆ "ಸರಾಸರಿ ಚೆನ್ನಾಗಿದ್ದೀನಿ" ಎನ್ನುವುದರಿಂದ ಆ ಹೆಸರು ಬಂತು. ಇಬ್ಬರೂ ಆ ಸೋಫಾದ ಮೇಲೆ ಕೂತು, ಬರೆದು, ಅಳಿಸಿ, ಜಗಳವಾಡಿ ಕಟ್ಟಿದ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ 'ಅಂತರ್ಯಾಮಿ' ಎಂದು ಹೆಸರಿಟ್ಟೆವು. ಕೆಲವು ನೂರು ಮನೆಗಳವರು ಒಪ್ಪಿಗೆ ಕೊಟ್ಟು, ತಾವು ಏನು ನೋಡುತ್ತೇವೆ, ಏನು ಹುಡುಕುತ್ತೇವೆ ಎಂಬುದನ್ನು ಅಂತರ್ಯಾಮಿಗೆ ತಿಳಿಸಲು ಮುಂದೆ ಬಂದರು. ಅವರ ಗುಟ್ಟು ಬಯಲಾಗಬಾರದೆಂದು ನಾನೊಂದು ಕಟ್ಟುನಿಟ್ಟಾದ ನಿಯಮ ಮಾಡಿದೆ: ಪ್ರತಿ ಮನೆಗೂ ಒಂದು ಸಂಖ್ಯೆ, ಅಷ್ಟೇ. ಯಾವ ಸಂಖ್ಯೆ ಯಾರದೆಂದು ಯಾರಿಗೂ ತಿಳಿಯಬಾರದು, ನನಗೂ. ಮಾದರಿಯಾಗಿರಲೆಂದು ನಮ್ಮ ಮನೆಯನ್ನೂ ಸೇರಿಸಿದೆ. ಊಟದ ಮೇಜಿನ ಮೇಲೆ ಎಲ್ಲರೂ ಬಳಸುವ ಒಂದು ಟ್ಯಾಬ್ಲೆಟ್ ಇದೆ. ಅದನ್ನು ನನ್ನ ವಯಸ್ಸು, ನನ್ನ ವಿವರ, ನನ್ನ ಫೋನಿನ ಜೊತೆ ಜೋಡಿಸಿದೆ. ನಮ್ಮ ಮನೆಯ ಸಂಖ್ಯೆ ಎಷ್ಟೆಂದು ನನಗೆ ಗೊತ್ತಿರಲಿಲ್ಲ. ಈ ಅಜ್ಞಾನದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಇಷ್ಟೆಲ್ಲ ಆದರೂ ಕಂಪನಿ ತೆವಳುತ್ತಿತ್ತು. ಇದ್ದ ಇಬ್ಬರು ದೊಡ್ಡ ಗಿರಾಕಿಗಳೂ ಒಬ್ಬರ ಹಿಂದೊಬ್ಬರು ಕೈಬಿಟ್ಟಿದ್ದರು. ಇನ್ನೊಂದು ದೊಡ್ಡ ಒಪ್ಪಂದ ಸಿಗದಿದ್ದರೆ ಬಾಗಿಲು ಹಾಕುವುದೇ ಗತಿ. ಕಾರ್ಖಾನೆಯ ನನ್ನ ಹಳೆಯ ಅಧಿಕಾರಿ ದಾರಿಯಲ್ಲಿ ಸಿಕ್ಕಾಗಲೆಲ್ಲ, "ನಿಮ್ಮ ಕೋಟು ಇನ್ನೂ ಗೂಟದಲ್ಲೇ ಇದೆ ನೋಡಿ" ಎಂದು ಪ್ರೀತಿಯಿಂದ ಹೇಳುತ್ತಿದ್ದರು. ಆ ಪ್ರೀತಿಗೆ ನಾನು ಬೆವರುತ್ತಿದ್ದೆ.

ಅಂಥ ಹೊತ್ತಿನಲ್ಲಿ ಒಂದು ದೊಡ್ಡ ಪೀಠೋಪಕರಣ ಮಳಿಗೆಯ ಯಜಮಾನರು, ಮುಂದಿನ ತಿಂಗಳು ಬಂದು ನಿಮ್ಮ ಯಂತ್ರದ ಕರಾಮತ್ತು ತೋರಿಸಿ ಎಂದು ಹೇಳಿಕಳುಹಿಸಿದರು. ನಾನು ಕುಣಿಯುತ್ತ ಮನೆಗೆ ಬಂದೆ.

ಹಜಾರದಲ್ಲಿ ಅಮ್ಮ ಸೋಫಾದ ಗುಂಡಿಗೆ ಬಿದ್ದಿದ್ದಳು.

"ಲೋ, ಬಂದ್ಯಾ? ಎತ್ತೋ ನನ್ನ!" ಎಂದಳು. ತಲೆ ಮತ್ತು ಎರಡು ಮಂಡಿ ಮಾತ್ರ ಕಾಣುತ್ತಿದ್ದವು. ನನ್ನ ಹೆಂಡತಿ ಆಗಲೇ ಒಂದು ಕೈ ಹಿಡಿದು ಎಳೆಯುತ್ತಿದ್ದಳು. ನಾನು ಇನ್ನೊಂದು ಕೈ ಹಿಡಿದೆ. ಎಡ ಬಲ ಎರಡೂ ಕಡೆ ಸಮಬಲ ಪ್ರಯೋಗಿಸಿ ಅಮ್ಮನನ್ನು ಮೇಲಕ್ಕೆ ತಂದೆವು.

"ಒಳ್ಳೆ ಸುದ್ದಿ ಇದೆ!" ಎಂದೆ. "ಮುಂದಿನ ತಿಂಗಳು ದೊಡ್ಡ ಸೋಫಾ ಅಂಗಡಿಯವರ ಮುಂದೆ ಅಂತರ್ಯಾಮಿ ಪರೀಕ್ಷೆ. ಗೆದ್ದರೆ ಊರಿಗೆಲ್ಲ ಸೋಫಾ ಮಾರಿಸೋದು ನಾವೇ!"

ಹೆಂಡತಿ ಸೆರಗಿನಿಂದ ಬೆವರು ಒರೆಸಿಕೊಂಡಳು. "ಊರಿಗೆಲ್ಲ ಮಾರಿಸಿ. ಇಲ್ಲಿ ಅತ್ತೆ ಇವತ್ತೇನೋ ಹೊರಗೆ ಬಂದ್ರು. ನಾಳೆ ಬರ್ತಾರೆ ಅಂತ ಏನ್ರೀ ಗ್ಯಾರಂಟಿ?"

"ಅದು ಬರೀ ಸೋಫಾ ಅಲ್ಲ ಕಣೇ. ಸಂಸ್ಥಾಪನಾ ಪೀಠ."

"ಪೀಠ ಅಂದ್ರೆ ಕೂರೋಕೆ ಬರಬೇಕು ಕಣೋ," ಎಂದಳು ಅಮ್ಮ, ಮಂಡಿ ತಿಕ್ಕಿಕೊಳ್ಳುತ್ತ. "ಇದು ಬಾವಿ. ಹಗ್ಗ ಒಂದು ಕಡಿಮೆ."

"ನೋಡಮ್ಮ, ನನಗೆ ನಿಜವಾಗ್ಲೂ ಹೊಸ ಸೋಫಾ ಬೇಕಿದ್ರೆ ಅಂತರ್ಯಾಮಿಗೆ ಗೊತ್ತಾಗುತ್ತೆ. ಮನುಷ್ಯನಿಗೆ ತನಗೇನು ಬೇಕು ಅಂತ ತನಗೇ ಗೊತ್ತಿರಲ್ಲ, ಅದಕ್ಕೆ ಗೊತ್ತಿರುತ್ತೆ. ಅದು ನನಗೆ ಸೋಫಾ ಬೇಕು ಅಂತ ಹೇಳಿದ ದಿನ, ಮರುಮಾತಾಡದೆ ತಂದುಬಿಡ್ತೀನಿ."

ಹೆಂಡತಿ ಬೆವರು ಒರೆಸುವುದನ್ನು ನಿಲ್ಲಿಸಿದಳು. "ಮಾತು ಕೊಟ್ಟಹಾಗೆ?"

"ವಿಜ್ಞಾನದ ಮೇಲಾಣೆ."

"ಹೌದಾ? ಅದಕ್ಕೆ ಹೇಗ್ರೀ ಗೊತ್ತಾಗುತ್ತೆ?"

ಇಲ್ಲಿ ಒಂದು ಮಾತು. ನನ್ನ ಹೆಂಡತಿ ಒಂದನೇ ತರಗತಿಯ ಟೀಚರ್. ಮದುವೆಯಾದಾಗಿನಿಂದ ಅವಳು ನನ್ನ ಕೆಲಸದ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ: "ಮುಗೀತಾ?" ಅಂಥವಳು 'ಹೇಗೆ' ಎಂದು ಕೇಳಿದಾಗ ನಾನು ಮೇಜಿನತ್ತ ಓಡಿದೆ. ಕಾಗದ ಪೆನ್ಸಿಲ್ ತಂದು, ಚಿತ್ರ ಬರೆದು ವಿವರಿಸಿದೆ. ಏನನ್ನು ನೋಡುತ್ತೀವಿ, ಎಷ್ಟು ಹೊತ್ತು ನೋಡುತ್ತೀವಿ, ಮತ್ತೆ ಬಂದು ನೋಡುತ್ತೀವಾ, ಎಲ್ಲವನ್ನೂ ಅದು ತೂಗುತ್ತದೆ. ಒಂದು ದಿನ ನೋಡಿದರೆ ಬರಿಯ ಕುತೂಹಲ. ದಿನಾ ಒಂದೇ ಹೊತ್ತಿಗೆ ಬಂದು ನೋಡಿದರೆ ಬಯಕೆ.

"ಅಂದ್ರೆ ಒಂದೇ ಪಾಠ, ದಿನಾ, ಅದೇ ಹೊತ್ತಿಗೆ," ಎಂದಳು.

"ಹಾಗಂತಾನೇ ಇಟ್ಕೋ."

"ಅರ್ಥ ಆಯ್ತು," ಎಂದಳು. ಅಮ್ಮನ ಕಡೆ ನೋಡಿದಳು. ಅಮ್ಮನೂ ತಲೆಯಾಡಿಸಿ, "ನನಗೂ ಆಯ್ತು ಕಣಮ್ಮ," ಎಂದಳು. ಒಂದೇ ಸಂಜೆ ಇಬ್ಬರಿಗೆ ಯಂತ್ರಕಲಿಕೆಯನ್ನು ಅರ್ಥಮಾಡಿಸಿದೆನೆಂಬ ಸಂತೋಷದಲ್ಲಿ ನಾನು ಆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡೆ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಸೋಫಾದ ಮಾತೇ ಬರಲಿಲ್ಲ. ಹೆಂಡತಿ ನಗುನಗುತ್ತಿದ್ದಳು. ಅಮ್ಮ ಗುಂಡಿಗೆ ಬಿದ್ದರೂ ಬೈಯದೆ ತಾಳ್ಮೆಯಿಂದ ಎಳೆಯಲು ಜನ ಬರುವವರೆಗೆ ಕಾಯುತ್ತಿದ್ದಳು. ಬೆಳಿಗ್ಗೆ ನಾನು ಎದ್ದು ಬರುವ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಊಟದ ಮೇಜಿನ ಹತ್ತಿರ ಕಾಫಿ ಮುಗಿಸಿ ಏಳುತ್ತಿದ್ದರು. ಮೇಜಿನ ಮೇಲಿನ ಟ್ಯಾಬ್ಲೆಟ್ ಮುಟ್ಟಿದರೆ ಬೆಚ್ಚಗಿರುತ್ತಿತ್ತು. ವಿಜ್ಞಾನಿಯಾದ ನಾನು ಅದಕ್ಕೂ ಕಾರಣ ಕಂಡುಕೊಂಡೆ: ಕಿಟಕಿಯಿಂದ ಬೀಳುವ ಎಳೆಬಿಸಿಲು. (ಆ ಕಿಟಕಿ ಪಶ್ಚಿಮಕ್ಕಿದೆ. ಇದು ಹೊಳೆದದ್ದು ಬಹಳ ತಡವಾಗಿ.)

ಪರೀಕ್ಷೆಯ ದಿನ ಬಂತು. ನಾನೂ ಸರಾಸರಿಯೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಳಿಗೆಗೆ ಹೋದೆವು. ಕೆಳಗೆ ಅಂಗಡಿ, ಮೇಲೆ ಯಜಮಾನರ ಕೋಣೆ. ಹೊಸ ಮರ, ಹೊಸ ಅಂಟು, ಹೊಸ ಬಟ್ಟೆಯ ವಾಸನೆ. ಯಜಮಾನರು ಮೆಲುದನಿಯ ದಪ್ಪ ಮನುಷ್ಯ, ಬಡಗಿಯಾಗಿ ಶುರುಮಾಡಿದವರು. ಯಾವ ಕುರ್ಚಿಯಲ್ಲೂ ನೇರವಾಗಿ ಕೂರುತ್ತಿರಲಿಲ್ಲ. ಮೊದಲು ಅಂಗೈಯಿಂದ ಒತ್ತಿ, ವೈದ್ಯರು ಹೊಟ್ಟೆ ನೋಡಿದಂತೆ ನೋಡಿ, ಆಮೇಲೆ ಕೂರುತ್ತಿದ್ದರು.

"ನೋಡಿ ಸ್ವಾಮಿ," ಎಂದರು. "ಜಾಹೀರಾತಿನವರು ಬಂದಾಗಲೆಲ್ಲ ಲಕ್ಷ ಜನ ನೋಡ್ತಾರೆ, ಕೋಟಿ ಜನ ನೋಡ್ತಾರೆ ಅಂತಾರೆ. ನೋಡೋರು ನನಗೆ ಬೇಡ. ಕೊಳ್ಳೋ ಮನುಷ್ಯ ಒಬ್ಬನ್ನ ತೋರಿಸಿ. ಒಬ್ಬನೇ ಸಾಕು."

ಸರಾಸರಿ ಗುಂಡಿ ಒತ್ತಿದ. ಗೋಡೆಯ ದೊಡ್ಡ ಪರದೆಯ ಮೇಲೆ ಅಂತರ್ಯಾಮಿ ಸ್ವಲ್ಪ ಹೊತ್ತು ಧ್ಯಾನ ಮಾಡಿ, ತನ್ನ ತೀರ್ಪು ಕೊಟ್ಟಿತು. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ: ಸಂಖ್ಯೆ ನಲವತ್ತೊಂದು. ಒಂದು ವಾರದೊಳಗೆ ಸೋಫಾ ಕೊಳ್ಳುವ ಸಾಧ್ಯತೆ, ನೂರಕ್ಕೆ ತೊಂಬತ್ತೇಳು.

ಸರಾಸರಿ ಕನ್ನಡಕ ತೆಗೆದು ಒರೆಸಿಕೊಂಡ. "ಇಷ್ಟು ಖಡಾಖಂಡಿತವಾಗಿ ಇದು ಯಾವತ್ತೂ ಹೇಳಿಲ್ಲ ಗುರೂ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

"ಯಾರು ಈ ನಲವತ್ತೊಂದು?" ಎಂದರು ಯಜಮಾನರು.

ನಾನು ಎದ್ದು ಪರದೆಯ ಪಕ್ಕ ನಿಂತೆ. ನನ್ನೊಳಗಿನ ವಾಗ್ಮಿ ಎಚ್ಚೆತ್ತ. "ಯಾರೆಂದು ನಮಗೂ ಗೊತ್ತಿಲ್ಲ ಸಾರ್, ಅದು ನಮ್ಮ ನಿಯಮ. ಆದರೆ ಎಂಥವರೆಂದು ಹೇಳಬಲ್ಲೆವು. ನೋಡಿ: ಗಂಡಸು, ನಡುವಯಸ್ಸು. ಮಂಡಿನೋವಿನ ಬಗ್ಗೆ ಓದುತ್ತಾನೆ. ದಿನಾ ಬೆಳಿಗ್ಗೆ ಆರು ಗಂಟೆಗೆ, ಮನೆಯವರೆಲ್ಲ ಏಳುವ ಮುಂಚೆ, ಕದ್ದು ಕೂತು ಸೋಫಾಗಳನ್ನು ನೋಡುತ್ತಾನೆ. ಅದರಲ್ಲೂ ನಿಮ್ಮ ಮಳಿಗೆಯ ನೀಲಿ ಸೋಫಾ."

"ಯಾಕೆ ಕದ್ದು?"

"ಹೆಂಡತಿಗೆ ಹೆದರಿ, ಇನ್ನೇನು! ಇಲ್ಲಿ ನೋಡಿ, 'ಹಠಮಾರಿಗಳನ್ನು ಒಪ್ಪಿಸುವುದು ಹೇಗೆ' ಎಂದು ಹುಡುಕಿದ್ದಾನೆ. ಒಂದು ಸಲ ಅಲ್ಲ, ಹಲವು ಸಲ. ಪಾಪ, ಆ ಮನೆಯಲ್ಲಿ ಎಂಥ ಹಠಮಾರಿ ಪ್ರಾಣಿ ಇದೆಯೋ!"

ಯಜಮಾನರು ಲೊಚಗುಟ್ಟಿದರು. ನನಗೂ ನಲವತ್ತೊಂದರ ಮೇಲೆ ಕರುಣೆ ಉಕ್ಕಿತು.

"'ಹಳೆಯ ಸಾಮಾನಿನ ಮೇಲೆ ಅತಿಯಾದ ವ್ಯಾಮೋಹ ರೋಗವೇ' ಎಂದೂ ಕೇಳಿದ್ದಾನೆ. ಅಂದರೆ ಆ ಹಠಮಾರಿ ಯಾವುದೋ ಮುರುಕಲು ಸೋಫಾವನ್ನು ತಬ್ಬಿಕೊಂಡು ಕೂತಿದೆ. ಇವನು ಗೋಡೆಯ ಅಳತೆ ತೆಗೆದು, ಅದಕ್ಕೆ ಹೊಂದುವ ಸೋಫಾ ಹುಡುಕಿಯಾಗಿದೆ. ಹಳೆಯದನ್ನು ಸಾಗಹಾಕುವವರ ವಿಳಾಸ ಹುಡುಕಿಯಾಗಿದೆ. ಮಾನಸಿಕವಾಗಿ ಇವನು ಆಗಲೇ ಹೊಸ ಸೋಫಾದ ಮೇಲೆ ಕೂತಿದ್ದಾನೆ ಸಾರ್. ಶರೀರ ಮಾತ್ರ ಹಳೆಯದರ ಮೇಲಿದೆ. ಒಂದೇ ಒಂದು ಸಣ್ಣ ತಳ್ಳು ಸಾಕು."

"ತಳ್ಳಿ ನೋಡೋಣ," ಎಂದರು ಯಜಮಾನರು. "ಈಗಲೇ ಅವನಿಗೆ ನಮ್ಮ ಜಾಹೀರಾತು ಕಳಿಸಿ."

ಸರಾಸರಿ ಕಳಿಸಿದ.

ನನ್ನ ಜೇಬಿನಲ್ಲಿ 'ಟಿಣ್' ಎಂದಿತು.

"ಕ್ಷಮಿಸಿ," ಎಂದು ನಾನು ಜೇಬನ್ನು ಅದುಮಿಕೊಂಡೆ. "ಯಾರೋ ಮೆಸೇಜ್ ಕಳಿಸಿರಬೇಕು."

"ಹೋಯ್ತಾ ಜಾಹೀರಾತು? ಇನ್ನೊಂದು ಸಲ ಕಳಿಸಿ."

ಟಿಣ್.

ಸರಾಸರಿ ನನ್ನ ಜೇಬನ್ನು ನೋಡಿದ. ಆಮೇಲೆ ಛಾವಣಿಯನ್ನು ನೋಡಿದ. ಅಲ್ಲಿ ಲೆಕ್ಕ ಮಾಡುತ್ತಿದ್ದನೆಂದು ತೋರುತ್ತದೆ.

"ಕಾಕತಾಳೀಯ," ಎಂದೆ ನಾನು. "ವಿಜ್ಞಾನದಲ್ಲಿ ಎರಡು ಸಲ ಆದದ್ದಕ್ಕೆ ಯಾವ ಬೆಲೆಯೂ ಇಲ್ಲ. ಕನಿಷ್ಠ ಮೂರು ಸಲ..."

ಯಜಮಾನರು ತಾವೇ ಬಗ್ಗಿ, ದಪ್ಪ ಬೆರಳಿನಿಂದ ಗುಂಡಿ ಒತ್ತಿದರು.

ಟಿಣ್.

ಅವರು ಕೈ ಚಾಚಿದರು. ನಾನು ಫೋನು ಕೊಟ್ಟೆ. ಅದರ ತುಂಬ ನೀಲಿ ಸೋಫಾ; ಒಂದರ ಕೆಳಗೊಂದು, ಮೂರು. 'ಇನ್ನೆಷ್ಟು ದಿನ ಸಹಿಸುತ್ತೀರಿ?' ಎಂದು ಅಂತರ್ಯಾಮಿ ತಾನೇ ಒಂದು ವಾಕ್ಯ ರಚಿಸಿ ಸೇರಿಸಿತ್ತು.

ಹಠಮಾರಿ ಪ್ರಾಣಿಯ ಬಗ್ಗೆ ನಾನು ಆಡಿದ ಮಾತುಗಳೆಲ್ಲ ಒಂದೊಂದಾಗಿ ನನಗೆ ನೆನಪಾದವು. ನಾನು ಬೆಳಿಗ್ಗೆ ಆರಕ್ಕೆ ಏಳುವವನೇ ಅಲ್ಲ. ನನ್ನ ಮಂಡಿ ನೆಟ್ಟಗಿದೆ. ಹಾಗಾದರೆ ಅಂತರ್ಯಾಮಿ ತಪ್ಪಿತು! ಅದನ್ನು ಹೇಳಲು ಬಾಯಿ ತೆರೆದೆ.

"ಹಾಗಾದ್ರೆ," ಎಂದರು ಯಜಮಾನರು, ಮೆಲುದನಿಯಲ್ಲೇ. "ನಿಮಗೆ ಸೋಫಾ ಬೇಕಾ, ಬೇಡ್ವಾ?"

ತೆರೆದ ಬಾಯಿ ಹಾಗೇ ನಿಂತಿತು. ಬೇಡ ಎಂದರೆ ಯಂತ್ರ ಸುಳ್ಳು. ಒಪ್ಪಂದ ಹೋಯಿತು, ಕಂಪನಿ ಹೋಯಿತು, ಗೂಟದಲ್ಲಿ ಕೋಟು ಕಾಯುತ್ತಿದೆ. ಬೇಕು ಎಂದರೆ ನನ್ನ ಸಂಸ್ಥಾಪನಾ ಪೀಠ ಬೀದಿಗೆ. ಸರಾಸರಿ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಸರಾಸರಿಗಿಂತ ಬಹಳ ಜೋರಾಗಿಯೇ ತುಳಿದ.

"ಬೇಕು," ಎಂದೆ.

"ತೊಂಬತ್ತೇಳು ಅಂತಲ್ವಾ ಹೇಳಿದ್ದು? ಬನ್ನಿ ಮತ್ತೆ. ಅಂಗಡಿ ಕೆಳಗೇ ಇದೆ."

ಹೀಗೆ ನಾನು ಜಾಹೀರಾತು ಮಾರಲು ಹೋದ ಅಂಗಡಿಯಲ್ಲಿ ಸೋಫಾ ಕೊಂಡೆ. ನಿಜ ಹೇಳಬೇಕೆಂದರೆ, ಆ ನೀಲಿ ಸೋಫಾದ ಮೇಲೆ ಕೂತ ಕೂಡಲೇ ನನ್ನ ಬೆನ್ನು ನನ್ನನ್ನು ಕೇಳದೆಯೇ ಪಕ್ಷಾಂತರ ಮಾಡಿತು. ವರ್ಷಗಳಿಂದ ವಾಲಿಕೊಂಡಿದ್ದ ನನ್ನ ಎಡಭುಜ ಬಲಭುಜದ ಸಮಕ್ಕೆ ಬಂತು. ಪ್ರಪಂಚ ಇಷ್ಟು ಸಮತಟ್ಟಾಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

"ನಾಳೆ ಬೆಳಿಗ್ಗೆ ಮನೆಗೆ ತರಿಸ್ತೀನಿ," ಎಂದರು ಯಜಮಾನರು. "ನಾನೂ ಬರ್ತೀನಿ. ಹೊಸ ಮಾದರಿಯ ಮೊದಲನೇ ಸೋಫಾ ಹೋದ ಮನೆಗೆ ಹೋಗಿ, ಅದು ಸರಿಯಾಗಿ ಕೂತಿದೆಯಾ ಅಂತ ನೋಡೋದು ನನ್ನ ಅಭ್ಯಾಸ. ಒಪ್ಪಂದದ ಕಾಗದ ಅಲ್ಲೇ ಸಹಿ ಮಾಡೋಣ."

ಸೋತು ಬಂದೆನೆಂದು ಮನೆಯಲ್ಲಿ ತೋರಿಸಿಕೊಳ್ಳುವುದುಂಟೆ? ದಾರಿಯುದ್ದಕ್ಕೂ ಯೋಚಿಸಿ, ದಾನಶೂರನ ಮುಖ ಹಾಕಿಕೊಂಡು ಒಳಗೆ ಹೋದೆ.

"ನಿಮ್ಮಿಬ್ಬರಿಗೋಸ್ಕರ ಒಂದು ಹೊಸ ಸೋಫಾ ತಗೊಂಡೆ," ಎಂದೆ. "ಯಾರೂ ಹೇಳಿ ಅಲ್ಲ. ನನಗೇ ಅನ್ನಿಸ್ತು."

"ಅಯ್ಯೋ, ಯಾಕ್ರೀ ಸುಮ್ಮನೆ ಖರ್ಚು!" ಎಂದಳು ಹೆಂಡತಿ. ಒಂದನೇ ತರಗತಿಯ ನಾಟಕಗಳನ್ನು ಅವಳೇ ಆಡಿಸುತ್ತಾಳೆಂಬುದು ಆಗ ನನಗೆ ನೆನಪಾಗಬೇಕಿತ್ತು.

"ನೀಲಿದೇ ತಾನೇ?" ಎಂದಳು ಅಮ್ಮ.

"ಹೌದು. ನಿನಗೆ ಹೇಗೆ..."

"ಅಂದಾಜು ಕಣೋ. ವಯಸ್ಸಾದ ಮೇಲೆ ಅಂದಾಜು ಸರಿಯಾಗುತ್ತೆ."

ಮಾರನೆಯ ದಿನ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಹಜಾರ ಗುಡಿಸಿ ಒರೆಸಿ, ಹಳೆಯ ಸೋಫಾ ಜಗುಲಿಗೆ ಹೋಗಿಯಾಗಿತ್ತು. ಸಾಗಹಾಕುವವರು ಬರಲು ತಯಾರಿದ್ದರಂತೆ. ನಾನು ಬೇಡಿಕೊಂಡು ಅದನ್ನು ನಮ್ಮ ಕಚೇರಿಗೆ ಕಳಿಸಲು ಒಪ್ಪಿಸಿದೆ. ಹೊಸ ಸೋಫಾ ಹೊತ್ತ ಕೆಲಸಗಾರರು, ಹಿಂದೆ ಯಜಮಾನರು, ಅವರ ಹಿಂದೆ ಸರಾಸರಿ ಮೆಟ್ಟಿಲು ಹತ್ತಿ ಬಂದರು. ಸೋಫಾವನ್ನು ಗೋಡೆಗೆ ಇಟ್ಟರೆ, ಈ ತುದಿಯಿಂದ ಆ ತುದಿಗೆ ಹೊಲಿಸಿ ತಂದ ಅಂಗಿಯಂತೆ ಕೂತಿತು.

"ಅದ್ಭುತ!" ಎಂದೆ. "ಅಳತೆಯೇ ತೆಗೆದಿರಲಿಲ್ಲ!"

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಮ್ಮ ಮೆಲ್ಲಗೆ ಬಂದು ಕೂತಳು. ಆಮೇಲೆ ಎರಡೂ ಕೈಯನ್ನು ಸೋಫಾದ ಕೈಗಳ ಮೇಲೆ ಊರಿ, ಯಾರೂ ಎಳೆಯದೆ, ಎದ್ದು ನಿಂತಳು. ಅವಳಿಗೇ ನಂಬಿಕೆ ಬರಲಿಲ್ಲ. ಮತ್ತೆ ಕೂತಳು, ಮತ್ತೆ ಎದ್ದಳು. "ನೋಡೋ! ನೋಡೋ!" ಎನ್ನುತ್ತ ಸಣ್ಣ ಹುಡುಗಿಯಂತೆ ಎದ್ದೂ ಕೂತೂ ಆಟವಾಡಿದಳು. ಎಷ್ಟು ವರ್ಷದಿಂದ ಅಮ್ಮ ಏಳಬೇಕೆಂದರೆ ಯಾರನ್ನಾದರೂ ಕರೆಯುತ್ತಿದ್ದಳು ಎಂಬುದನ್ನು, ವೀಕ್ಷಣೆಯ ಬಗ್ಗೆ ಇಷ್ಟು ಮಾತಾಡುವ ನಾನು, ವೀಕ್ಷಿಸಿರಲೇ ಇಲ್ಲ.

ಯಜಮಾನರ ಮುಖ ಅರಳಿತು. ಚೀಲದಿಂದ ಒಪ್ಪಂದದ ಕಾಗದ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದರು.

ಸಂತೋಷದ ಭರದಲ್ಲಿ ಅಮ್ಮ ಸೊಸೆಯ ಕೈ ಹಿಡಿದುಕೊಂಡಳು. "ಚಿತ್ರದಲ್ಲಿ ನೋಡಿದ್ದಕ್ಕಿಂತ ಮೆತ್ತಗಿದೆ ಕಣಮ್ಮ!"

"ಯಾವ ಚಿತ್ರದಲ್ಲಿ ತಾಯೀ?" ಎಂದರು ಯಜಮಾನರು.

ನನ್ನ ಹೆಂಡತಿ ಕೆಮ್ಮಿದಳು. ಅಮ್ಮನಿಗೆ ಆ ಕೆಮ್ಮು ಕೇಳಿಸಲಿಲ್ಲ.

"ಅದೇ, ದಿನಾ ಬೆಳಿಗ್ಗೆ ಆರು ಗಂಟೆಗೆ ಇವನ ಪೆಟ್ಟಿಗೆಗೆ ಪಾಠ ಹೇಳ್ತಿದ್ವಲ್ಲ! ಇವಳು ಪುಟ ತಿರುಗಿಸೋಳು, ನಾನು ನಿಧಾನವಾಗಿ ನೋಡೋಳು. ಬೇಗ ಬೇಗ ನೋಡಬಾರದಂತೆ, ಹೊತ್ತು ಹಿಡಿದು ನೋಡಬೇಕಂತೆ. ಇವನೇ ಹೇಳಿಕೊಟ್ಟಿದ್ದು. ನೋಡಿ ನೋಡಿ ನನ್ನ ಕಣ್ಣು ಬಿದ್ದುಹೋಯ್ತು."

ಪೆನ್ನಿನ ಮುಚ್ಚಳ 'ಟಕ್' ಎಂದು ಮುಚ್ಚಿಕೊಂಡಿತು.

ಪಶ್ಚಿಮದ ಕಿಟಕಿ ನನಗೆ ಹೊಳೆದದ್ದು ಆಗ.

"ನೀನಾ?" ಎಂದೆ ಹೆಂಡತಿಯ ಕಡೆ ತಿರುಗಿ. "ನನ್ನ ಅಂತರ್ಯಾಮಿಯನ್ನ..."

"ಮತ್ತೇನ್ರೀ ಮಾಡ್ಲಿ? ನಿಮಗೆ ಹೇಳಿದ್ರೆ ಕೇಳಲ್ಲ. ಅದಕ್ಕೆ ಹೇಳಿದ್ರೆ ನೀವು ಕೇಳ್ತೀರಿ. ನಿಮ್ಮ ಅಂತರ್ಯಾಮಿ ನನ್ನ ಕ್ಲಾಸಿನ ಮಕ್ಕಳ ಥರಾನೇ. ಒಂದೇ ಪಾಠ ದಿನಾ ಹೇಳಿದ್ರೆ ಬಾಯಿಪಾಠ ಒಪ್ಪಿಸುತ್ತೆ. ಮಕ್ಕಳಿಗಿಂತ ವಾಸಿ, ಮಧ್ಯ ನೀರು ಕುಡಿಯೋಕೆ ಎದ್ದು ಹೋಗಲ್ಲ."

"ಹಠಮಾರಿ ಅಂತ ಹುಡುಕಿದ್ದು?"

"ಅದು ನಾನು," ಎಂದಳು ಅಮ್ಮ. "ಕಾಗುಣಿತ ಇವಳು ಸರಿಮಾಡಿದ್ಲು."

ಸರಾಸರಿ ಗೋಡೆ ಹಿಡಿದುಕೊಂಡು ನಿಂತಿದ್ದ. ನನ್ನ ಕಣ್ಣ ಮುಂದೆ ಗೂಟದಲ್ಲಿದ್ದ ಬಿಳಿ ಕೋಟು ತಾನಾಗಿಯೇ ಇಳಿದು, ತೋಳು ಚಾಚಿಕೊಂಡು ನನ್ನ ಕಡೆ ನಡೆದು ಬರುತ್ತಿತ್ತು. ಇಬ್ಬರು ಹೆಂಗಸರು ಕಾಫಿ ಕುಡಿಯುತ್ತ ಮೋಸಗೊಳಿಸಬಹುದಾದ ಯಂತ್ರವನ್ನು ಯಾವ ಯಜಮಾನ ಕೊಳ್ಳುತ್ತಾನೆ?

ಯಜಮಾನರು ನನ್ನನ್ನು ಬಿಟ್ಟು ನನ್ನ ಹೆಂಡತಿಯನ್ನು ನೋಡುತ್ತಿದ್ದರು.

"ಅಲ್ಲಮ್ಮ, ನಮ್ಮ ಅಂಗಡೀಲಿ ಸೋಫಾ ಬೇಕಾದಷ್ಟಿವೆ. ಇದನ್ನೇ ಯಾಕೆ ಆರಿಸಿದ್ರಿ?"

"ಎಲ್ಲಾ ನೋಡಿದೆ ಸಾರ್," ಎಂದಳು ಅವಳು, ಪೋಷಕರ ಸಭೆಯಲ್ಲಿ ಮಾತಾಡುವ ಧಾಟಿಯಲ್ಲಿ. "ಕೆಲವು ನೋಡೋಕೆ ಚೆನ್ನಾಗಿದ್ವು, ತುಂಬಾ ತಗ್ಗು, ಅತ್ತೆ ಮಂಡಿಗೆ ಆಗಲ್ಲ. ಕೆಲವಕ್ಕೆ ಕೈಯೇ ಇಲ್ಲ. ಊರಿಕೊಂಡು ಏಳೋದು ಹೇಗೆ? ಇದರ ಕೈ ಅಗಲ ಇದೆ. ಇವರಿಗೂ ಲ್ಯಾಪ್‌ಟಾಪು, ಕಾಫಿ ಲೋಟ ಎರಡೂ ಇಡೋಕಾಗುತ್ತೆ. ಹಳೇದರ ಮೇಲೆ ಕೂತು ಇಷ್ಟು ದೊಡ್ಡ ಕಂಪನಿ ಕಟ್ಟಿದ ಮನುಷ್ಯ. ಇದರ ಮೇಲೆ ಕೂತು ಇನ್ನೊಂದು ಕಟ್ಟಬೇಕು ಅಂದ್ರೂ ಜಾಗ ಇರಬೇಕಲ್ಲ ಅಂತ."

ನಾನು ಕಿಟಕಿಯ ಕಡೆ ನೋಡಿದೆ. ಪಶ್ಚಿಮದ ಕಿಟಕಿ ಅಷ್ಟು ಬೆಳಿಗ್ಗೆಯೇ ಯಾಕೋ ಮಂಜಾಗಿ ಕಂಡಿತು.

ಯಜಮಾನರು ಸೋಫಾವನ್ನು ಅಂಗೈಯಿಂದ ಒಮ್ಮೆ ಒತ್ತಿ, ಅಮ್ಮನ ಪಕ್ಕದಲ್ಲಿ ಕೂತು, ನಗಲು ಶುರುಮಾಡಿದರು. ಮೆಲುದನಿಯ ಮನುಷ್ಯನ ನಗು ಅಷ್ಟು ದೊಡ್ಡದಿರಬಹುದೆಂದು ನಾನು ಎಣಿಸಿರಲಿಲ್ಲ.

"ಸ್ವಾಮಿ," ಎಂದರು ಕಣ್ಣೊರೆಸಿಕೊಳ್ಳುತ್ತ. "ನನ್ನ ಅಂಗಡಿಗೆ ಗಂಡ ಹೆಂಡತಿ ಬರ್ತಾರೆ. ಒಬ್ಬರು ಸೋಫಾ ಮೇಲೆ ಕೂತು ಬೇಡ ಬೇಡ ಅಂತಿರ್ತಾರೆ. ಇನ್ನೊಬ್ಬರು ಪಕ್ಕದಲ್ಲಿ ನಿಂತು ಮನೆ ಗೋಡೆ ನೆನೆಸಿಕೊಳ್ತಿರ್ತಾರೆ. ಕೊಳ್ಳೋರು ಯಾವಾಗಲೂ ನಿಂತಿರೋರೇ. ನಿಮ್ಮ ಯಂತ್ರ ಏನೂ ತಪ್ಪು ಮಾಡಿಲ್ಲ. ಕೊಳ್ಳೋ ಮನುಷ್ಯನ್ನ ತೋರಿಸು ಅಂದೆ, ತೋರಿಸ್ತು. ಫೋನ್ ಮಾತ್ರ ನಿಮ್ಮದು."

ಮುಚ್ಚಳ ಮತ್ತೆ ಬಿಚ್ಚಿಕೊಂಡಿತು. ಸಹಿಯಾಯಿತು. ಸರಾಸರಿ ಜೀವನದಲ್ಲಿ ಮೊದಲ ಸಲ "ತುಂಬಾ ಚೆನ್ನಾಗಿದ್ದೀನಿ" ಎಂದ.

"ಒಂದು ಷರತ್ತು," ಎಂದರು ಯಜಮಾನರು ಹೊರಡುವಾಗ. "ಟೀಚರಮ್ಮ ಹೇಳಿಕೊಟ್ಟ ಪಾಠ ಯಂತ್ರ ಮರೀಬಾರದು."

ಅದು ಮರೆಯಲಿಲ್ಲ. ಆ ಕಡೆ ಸರಾಸರಿ, ಒಂದೇ ಸಂಖ್ಯೆಯ ಹಿಂದೆ ಒಬ್ಬರಿಗಿಂತ ಹೆಚ್ಚು ಜನ ಇರಬಹುದೆಂದು ಅಂತರ್ಯಾಮಿಗೆ ಕಲಿಸಿದ. ಕಚೇರಿಯಲ್ಲಿ, ನನ್ನ ಹಳೆಯ ಸೋಫಾದ ಗುಂಡಿಯಲ್ಲಿ ಅರ್ಧ ಮುಳುಗಿಕೊಂಡೇ ಕಲಿಸಿದ. (ಅವನನ್ನು ಎಳೆಯುವ ಕೆಲಸ ಈಗ ನನ್ನದು. ಗೋಲಿ ಅವನಿಗೆ ಸಿಕ್ಕಿತು.) ಕಲಿತ ಅಂತರ್ಯಾಮಿ ನಲವತ್ತೊಂದನ್ನು ಎರಡು ಭಾಗ ಮಾಡಿ ತನ್ನ ತೀರ್ಪನ್ನು ಪರದೆಯ ಮೇಲೆ ಮೂಡಿಸಿತು. ಮೊದಲನೆಯ ಭಾಗ: ನಿರ್ಧಾರ ಮಾಡುವವರು, ಎಲ್ಲ ಜಾಹೀರಾತನ್ನೂ ಇವರಿಗೇ ತೋರಿಸಬೇಕು. ಎರಡನೆಯ ಭಾಗ: ಹಣ ಕೊಡುವವರು, ಇವರಿಗೆ ಜಾಹೀರಾತು ತೋರಿಸುವುದು ವ್ಯರ್ಥ.

ಎಂದೋ ಕಾರ್ಖಾನೆಯ ಗೇಟಿನಲ್ಲಿ ನಿಂತು ನಾನು ಕಂಡ ಕನಸು ಹೀಗೆ ಪೂರ್ತಿಯಾಗಿ ಈಡೇರಿತು. ಬೇಕಾದವರಿಗೆ ಬೇಕಾದದ್ದು, ಬೇಡದವನನ್ನು ಅವನ ಪಾಡಿಗೆ. ಜಾಹೀರಾತಿನಲ್ಲೇ ಬದುಕು ಸವೆಸಿದ ನನ್ನ ಫೋನಿಗೆ ಈಗ ಒಂದೇ ಒಂದು ಜಾಹೀರಾತೂ ಬರುವುದಿಲ್ಲ. ಸಂಜೆ ಮನೆಗೆ ಬಂದರೆ ನೀಲಿ ಸೋಫಾದ ಒಂದು ಕಡೆ ಅಮ್ಮ, ಇನ್ನೊಂದು ಕಡೆ ಹೆಂಡತಿ, ನಡುವೆ ತಿದ್ದಬೇಕಾದ ಪುಸ್ತಕಗಳ ರಾಶಿ. ನಾನು ಊಟದ ಮೇಜಿನ ಹತ್ತಿರದ ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಈ ಮನೆಗೆ ಏನು ಬೇಕೆಂದು ನನಗೆ ತಿಳಿಯುವುದು ಬಾಗಿಲ ಗಂಟೆ ಬಾರಿಸಿದಾಗ ಮಾತ್ರ.

ಇದನ್ನು ಬರೆಯುತ್ತಿರುವಾಗ ಈಗಷ್ಟೇ ಬಾರಿಸಿತು. ಕಿಟಕಿಯ ಪರದೆಗಳು ಬಂದಿವೆಯಂತೆ. ನೀಲಿ. ಅಳತೆ, ನೋಡಬೇಕಾದ ಅಗತ್ಯವೇ ಇಲ್ಲ, ಸರಿಯಾಗಿಯೇ ಇರುತ್ತದೆ. ನಾನು ಪರ್ಸು ಹುಡುಕಲು ಎದ್ದೆ.